ಬೀಗ ತೆಗೆಯುವ ಮುನ್ನ

ಬಸವನಗುಡಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ ರಾತ್ರಿ ಹನ್ನೊಂದು ಗಂಟೆ ಕಳೆದ ಮೇಲೂ ದೀಪ ಉರಿಯುತ್ತಿರುವುದು ಆ ಬೀದಿಯವರಿಗೆ ಹೊಸತೇನೂ ಅಲ್ಲ. ಆ ಮನೆಯ ರಾಯರು ಕಂಪ್ಯೂಟರಿನ ಉದ್ಯೋಗದವರೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಉದ್ಯೋಗ ನಿಜವಾಗಿ ಯಾವುದೆಂಬುದನ್ನು, ನೆರೆಹೊರೆಯವರ ಮಾತಿರಲಿ, ಇಪ್ಪತ್ತೆರಡು ವರ್ಷ ಅವರೊಡನೆ ಸಂಸಾರ ನಡೆಸಿದ ಗೃಹಿಣಿಯೂ ನಿಶ್ಚಯವಾಗಿ ಹೇಳಲಾರರು. ಒಂದು ದಿನ ಊಟಕ್ಕೆ ಬಡಿಸುತ್ತ ಆಕೆ, "ರೀ, ಇವತ್ತು ಏನು ಕೆಲಸ ಮಾಡಿದಿರಿ?" ಎಂದು ಕೇಳಿದರು.

"ಹನ್ನೊಂದು ಸಾಲು ಓದಿದೆ" ಎಂದರು ರಾಯರು.

"ನಿನ್ನೆ?"

"ನಿನ್ನೆಯೂ ಅದೇ ಹನ್ನೊಂದು ಸಾಲು."

ಮಗನಿಗೆ ಪರೀಕ್ಷೆಯ ಕಾಲದಲ್ಲಿ ಗಂಟೆಗೆ ಇಪ್ಪತ್ತು ಪುಟ ಓದಿಸುವ ಆಕೆ ಮರುಮಾತಾಡದೆ ಸಾರಿನ ಪಾತ್ರೆಯನ್ನು ಮುಂದಕ್ಕೆ ಸರಿಸಿದರು. ಇಷ್ಟು ಓದುವುದಕ್ಕೂ ಸಂಬಳ ಕೊಡುವ ಪುಣ್ಯಾತ್ಮರು ಲೋಕದಲ್ಲಿ ಇದ್ದಾರಲ್ಲ ಎಂಬ ಸೋಜಿಗ ಅವರ ಮುಖದ ಮೇಲೆ ಸುಳಿದು ಹೋಯಿತು.

ರಾಯರು ಬರೆಯುವವರಲ್ಲ, ಬರೆದುದನ್ನು ನೋಡುವವರು. ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಚಿತ್ರ, ಅಕ್ಷರ, ಸಂಗೀತಗಳ ತಳದಲ್ಲಿ ಕರ್ನೆಲ್ ಎಂಬುದೊಂದು ಇದೆ. ಮದುವೆಯ ಮನೆಯಲ್ಲಿ ಉಗ್ರಾಣದ ಬಾಗಿಲಲ್ಲಿ ಕುಳಿತಿರುವ ಹಿರಿಯನನ್ನು ನೆನೆದರೆ ಅದರ ಸ್ವರೂಪ ತಿಳಿಯುತ್ತದೆ. ಅಡಿಗೆಯವನು, ಬಡಿಸುವವನು, ಪುರೋಹಿತರು ಎಲ್ಲರೂ ಏನು ಬೇಕಾದರೂ ಆತನನ್ನೇ ಕೇಳಬೇಕು. ಅತಿಥಿಗಳಿಗೆ ಮಾತ್ರ ಆತ ಕಾಣಿಸುವುದೇ ಇಲ್ಲ. ಈ ಕರ್ನೆಲಿನ ಒಳಗೆ ಡ್ರೈವರುಗಳೆಂಬ ಸಾವಿರಾರು ತುಣುಕುಗಳಿವೆ. ಇವು ಗಾಡಿ ನಡೆಸುವ ಡ್ರೈವರುಗಳಲ್ಲ. ಮುದ್ರಣಯಂತ್ರಕ್ಕೊಂದು, ಕ್ಯಾಮರಾಕ್ಕೊಂದು, ಕೀಲಿಮಣೆಗೊಂದು ಹೀಗೆ ಒಂದೊಂದು ಉಪಕರಣದ ಭಾಷೆಯನ್ನೂ ಬಲ್ಲ ದುಭಾಷಿಗಳು. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ತೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಕರ್ನೆಲನ್ನು ಇಂದು ಲೋಕದ ನಾನಾ ಭಾಗಗಳ ಸಾವಿರಾರು ಜನ ಕೂಡಿ ಬೆಳೆಸುತ್ತಿದ್ದಾರೆ. ಬೆಂಗಳೂರಿನಲ್ಲಿಯೂ ಅಂಥವರು ಅನೇಕರಿದ್ದಾರೆ. ಆಂಡ್ರಾಯ್ಡ್ ಮೊಬೈಲನ್ನು ಕೈಯಲ್ಲಿ ಹಿಡಿದಿರುವ ವಾಚಕರೆಲ್ಲರ ಕೈಯಲ್ಲಿಯೂ ಅದೇ ಇದೆ.

ಯಾರಾದರೂ ಇದರಲ್ಲಿ ಒಂದು ತಿದ್ದುಪಡಿ ಮಾಡಬಯಸಿದರೆ ಅದನ್ನು ಪ್ಯಾಚ್, ಎಂದರೆ ತೇಪೆ, ಎಂಬ ರೂಪದಲ್ಲಿ ಕಳುಹಿಸುತ್ತಾರೆ. ಅದನ್ನು ಬಲ್ಲವರೊಬ್ಬರು ಓದಿ, ಸರಿ ಎನಿಸಿದರೆ ತಮ್ಮ ಹೆಸರನ್ನು ಕೆಳಗೆ ಬರೆಯಬೇಕು. ತೇಪೆಗಳಲ್ಲಿ ನಾನಾ ಬಗೆಗಳುಂಟು. ಕಾಗುಣಿತ ತಿದ್ದುವುದು ಒಂದು ಬಗೆ. ಅದಕ್ಕೆ ಐದು ನಿಮಿಷ ಸಾಕು. ಹೊಸ ಉಪಕರಣವನ್ನು ಸೇರಿಸುವುದು ಇನ್ನೊಂದು; ಅದು ಉದ್ದ, ಆದರೆ ಸರಳ. ರಾಯರ ಪಾಲಿಗೆ ಬಂದಿರುವುದು ಮೂರನೆಯ ಬಗೆ, ಬೀಗಗಳ ತಿದ್ದುಪಡಿ. ಅದು ಸಾಮಾನ್ಯವಾಗಿ ಹತ್ತು ಹನ್ನೆರಡು ಸಾಲು ಮೀರುವುದಿಲ್ಲ. ನಿದ್ದೆಗೆಡಿಸುವುದು ಅದೊಂದೇ.

ಕಂಪ್ಯೂಟರಿಗೆ ಬೀಗವೇಕೆ ಎಂಬುದನ್ನು ರಾಯರು ಕಾಲೇಜಿಗಿಂತ ಮೊದಲೇ ತಮ್ಮ ತಂದೆಯವರಿಂದ ಕಲಿತರು. ತಂದೆಯವರು ಮೀಟರ್‌ಗೇಜಿನ ಕಾಲದಲ್ಲಿ ಬೀರೂರಿನಾಚೆಯ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರರು. ಎರಡು ಸ್ಟೇಷನ್ನುಗಳ ನಡುವೆ ಇದ್ದುದು ಒಂದೇ ಹಳಿ. ಇತ್ತಲಿಂದ ಒಂದು ಗಾಡಿ, ಅತ್ತಲಿಂದ ಒಂದು ಗಾಡಿ ಏಕಕಾಲಕ್ಕೆ ಹೊರಟರೆ ಆಗುವುದೇನೆಂದು ಯಾರೂ ವಿವರಿಸಬೇಕಾಗಿಲ್ಲ. ಅದಕ್ಕಾಗಿ ಎರಡೂ ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ. ಅದರೊಳಗೆ ಟೋಕನ್ ಎಂಬ ಉಕ್ಕಿನ ಗುಂಡುಗಳು. ಎರಡು ಯಂತ್ರಗಳಿಗೂ ತಂತಿಯ ಸಂಬಂಧವಿರುವುದರಿಂದ ಎಲ್ಲಿಂದಲಾದರೂ ಒಂದು ಗುಂಡನ್ನು ತೆಗೆದರೆ, ಅದನ್ನು ಮತ್ತೆ ಯಾವುದಾದರೊಂದು ಯಂತ್ರದೊಳಕ್ಕೆ ಹಾಕುವ ತನಕ ಇನ್ನೊಂದು ಗುಂಡು ಹೊರಗೆ ಬಾರದು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಯೊಂದಕ್ಕೆ ಕಟ್ಟಿ ಇಂಜಿನ್ನಿನವನ ಕೈಗೆ ಕೊಡುವರು. ಅದು ಕೈಸೇರದೆ ಗಾಡಿ ಮುಂದಕ್ಕೆ ಚಲಿಸದು. ಬಾಲಕನಾಗಿದ್ದ ರಾಯರು ಆ ಬಳೆಯನ್ನು ಕೊರಳಿಗೆ ಹಾಕಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ಓಡಿ ಏಟು ತಿಂದದ್ದು ಒಂದು ಸಲ. ಎರಡನೆಯ ಸಲ ಓಡಲಿಲ್ಲ.

ಕರ್ನೆಲಿನ ಬೀಗವೂ ಆ ಗುಂಡಿನಂಥದೇ. ಸ್ಮರಣೆಯ ಒಂದು ಜಾಗದಲ್ಲಿ ಒಂದು ಲೆಕ್ಕವಿರುತ್ತದೆ. ಅದನ್ನು ಇಬ್ಬರು ಏಕಕಾಲಕ್ಕೆ ತಿದ್ದಬಾರದು. ತಿದ್ದಬೇಕಾದವನು ಮೊದಲು ಬೀಗವನ್ನು ಹಿಡಿಯಬೇಕು, ಕೆಲಸ ಮುಗಿದೊಡನೆ ಬಿಡಬೇಕು. ಇದಕ್ಕೆ ಮೊದಲು ಶಾಸ್ತ್ರೀಯ ರೂಪ ಕೊಟ್ಟ ಹಾಲೆಂಡಿನ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದ ಆರಂಭದಲ್ಲಿ ಅದಕ್ಕೆ ಸೆಮಫೋರ್ ಎಂಬ ಹೆಸರನ್ನಿಟ್ಟದ್ದು ರೈಲಿನ ಕೈಮರವನ್ನು ನೆನೆದೇ. ಈ ಸಂಗತಿಯನ್ನು ತಿಳಿದಂದು ರಾಯರು ಊರಿಗೆ ಪತ್ರ ಬರೆದರು. "ಹಾಗಾದರೆ ನೀನೂ ರೈಲ್ವೆಯವನೇ ಆದೆ" ಎಂದು ತಂದೆಯವರ ಉತ್ತರ ಬಂತು.

ಆದರೆ ತಂದೆಗೂ ಮಗನಿಗೂ ಒಂದು ದೊಡ್ಡ ಅಂತರವಿದೆ. ಸ್ಟೇಷನ್ ಮಾಸ್ತರರಿಗೆ ತಮ್ಮ ಗುಂಡು ಯಾವ ಹಳಿಯನ್ನು ಕಾಯುತ್ತಿದೆ ಎಂಬುದು ಗೊತ್ತು. ಹಳಿ ಕಣ್ಣೆದುರಿಗೇ ಇದೆ. ಕರ್ನೆಲಿನಲ್ಲಿ ಬೀಗ ಕಾಣುತ್ತದೆ, ಹಳಿ ಕಾಣುವುದಿಲ್ಲ. "ಇಲ್ಲಿ ಬೀಗ ಹಿಡಿ", "ಇಲ್ಲಿ ಬಿಡು" ಎಂಬ ಎರಡು ಸಾಲುಗಳ ನಡುವೆ ಇಪ್ಪತ್ತು ಸಾಲುಗಳಿದ್ದರೆ, ಬೀಗವಿರುವುದು ಅವುಗಳಲ್ಲಿ ಯಾವ ಸಾಲಿಗಾಗಿ ಎಂಬುದನ್ನು ಬರೆದವನು ಹೇಳಿರುವುದು ಅಪರೂಪ. ಹತ್ತು ವರ್ಷದ ಅನಂತರ ಇನ್ನೊಬ್ಬನು ಬಂದು, "ಈ ಬೀಗದ ಅಗತ್ಯ ಕಾಣುವುದಿಲ್ಲ, ತೆಗೆದಿದ್ದೇನೆ" ಎಂದು ತೇಪೆ ಕಳುಹಿಸುತ್ತಾನೆ. ಕಾಣುವುದಿಲ್ಲ ಎಂಬುದು ನಿಜ. ಇಲ್ಲ ಎಂಬುದು ನಿಜವೇ ಎಂಬುದನ್ನು ನೋಡುವುದೇ ರಾಯರ ಉದ್ಯೋಗ.

ಇದು ಎಷ್ಟು ಕಠಿನವೆಂಬುದಕ್ಕೆ ಲಿನಕ್ಸಿನ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1996ರ ಜೂನ್ ತಿಂಗಳಲ್ಲಿ 2.0 ಎಂಬ ಆವೃತ್ತಿ ಹೊರಬಂದಾಗ, ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳುಳ್ಳ ಯಂತ್ರಗಳಲ್ಲಿಯೂ ಅದು ನಡೆಯುವಂತಾಯಿತು. ಅಲ್ಲಿಯ ತನಕ ಒಬ್ಬನೇ ಇದ್ದ ಮನೆಗೆ ಇನ್ನೊಬ್ಬನು ಬಂದಂತಾಯಿತು. ಜಗಳವಾಗದಂತೆ ಕಂಡುಕೊಂಡ ಉಪಾಯ ಅತಿ ಸರಳ: ಇಡೀ ಕರ್ನೆಲಿಗೆ ಒಂದೇ ಬೀಗ. ಅದರ ಹೆಸರೇ ದೊಡ್ಡ ಕರ್ನೆಲ್ ಬೀಗ. ಹಳೆಯ ಬೆಂಗಳೂರಿನ ವಠಾರಗಳಲ್ಲಿ ಎಂಟು ಹತ್ತು ಸಂಸಾರಗಳಿಗೆ ಒಂದೇ ಬಚ್ಚಲುಮನೆ ಇರುತ್ತಿತ್ತಷ್ಟೆ. ಒಳಗೆ ಒಬ್ಬರಿದ್ದರೆ ಉಳಿದವರು ತಂಬಿಗೆ ಹಿಡಿದು ಹೊರಗೆ. ಇಬ್ಬರಿರುವಾಗ ಇದು ನಡೆದೀತು; ಎಂಟು, ಹದಿನಾರು ಪ್ರೊಸೆಸರ್‌ಗಳಾದಾಗ ದುಡಿಮೆಗಿಂತ ಕಾಯುವುದೇ ಹೆಚ್ಚಾಯಿತು.

ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಸಣ್ಣ ಬೀಗಗಳನ್ನಿಟ್ಟು ದೊಡ್ಡದನ್ನು ತೆಗೆದುಬಿಡೋಣ ಎಂದು ಎಲ್ಲರೂ ಒಪ್ಪಿದರು. ಒಪ್ಪಿದಷ್ಟು ಸುಲಭವಾಗಿ ಅದು ಹೋಗಲಿಲ್ಲ. ಆ ಬೀಗಕ್ಕೆ ವಿಚಿತ್ರ ಗುಣಗಳಿದ್ದವು. ಹಿಡಿದವನೇ ಅದನ್ನು ಮತ್ತೊಮ್ಮೆ ಹಿಡಿಯಬಹುದಾಗಿತ್ತು. ಹಿಡಿದವನು ನಡುವೆ ಏನಕ್ಕಾದರೂ ಕಾಯುತ್ತ ನಿದ್ರಿಸಿದರೆ ಬೀಗ ತಾನಾಗಿಯೇ ಬಿಟ್ಟುಕೊಂಡು, ಆತ ಎದ್ದಾಗ ಮತ್ತೆ ಅವನ ಕೈ ಸೇರುತ್ತಿತ್ತು. ಆ ನಡುವೆ ಯಾರು ಬಂದು ಏನು ಬದಲಾಯಿಸಿಹೋದರೆಂಬುದು ಆತನಿಗೆ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಎಷ್ಟೋ ಕಡೆ ಬೀಗ ಹಿಡಿಯುತ್ತಿದ್ದುದು ಡ್ರೈವರ್ ಅಲ್ಲ, ಡ್ರೈವರನ್ನು ಕರೆಯುವವನು. ಉಪಕರಣವನ್ನು ತೆರೆಯೆಂದು ಡ್ರೈವರಿಗೆ ಹೇಳುವ ಮೊದಲೇ ಕರ್ನೆಲ್ ಬೀಗ ಹಿಡಿದಿರುತ್ತಿತ್ತು. ಆದುದರಿಂದ ಡ್ರೈವರಿನ ಬರವಣಿಗೆಯನ್ನು ಎಷ್ಟು ಓದಿದರೂ ಅದರಲ್ಲಿ ಬೀಗದ ಮಾತೇ ಇರುತ್ತಿರಲಿಲ್ಲ. ಬರೆದವನಿಗೂ ತಾನು ಇನ್ನೊಬ್ಬರ ಬೀಗದ ನೆರಳಿನಲ್ಲಿದ್ದೇನೆಂಬ ಅರಿವಿರಲಿಲ್ಲ. ಕೂಡುಕುಟುಂಬದಲ್ಲಿ ಹಿರಿಯರು ಇರುವಷ್ಟು ಕಾಲ ಬಾಗಿಲು ಹಾಕಿದವರು ಯಾರೆಂದು ಕಿರಿಯರು ಯೋಚಿಸುವುದುಂಟೆ?

2005ರ ಮಾರ್ಚಿಯಲ್ಲಿ ಬಂದ 2.6.11ನೆಯ ಆವೃತ್ತಿಯಲ್ಲಿ, ಉಪಕರಣಕ್ಕೆ ವಿಶೇಷ ಅಪ್ಪಣೆಗಳನ್ನು ಕೊಡುವ ಮಾರ್ಗವೊಂದನ್ನು ದೊಡ್ಡ ಬೀಗದ ಹಂಗಿಲ್ಲದೆ ನಡೆಸಲು ಅವಕಾಶವಾಯಿತು. ಆದರೆ ಡ್ರೈವರ್ ಡ್ರೈವರಾಗಿ ಪರೀಕ್ಷಿಸಿ ಆ ಮಾರ್ಗಕ್ಕೆ ಬದಲಾಯಿಸಬೇಕಾಗಿತ್ತು. 2008ರ ಮೇ ತಿಂಗಳಲ್ಲಿ ಕರ್ನೆಲಿನ ಸಮಾಚಾರಗಳನ್ನು ಬರೆಯುವುದರಲ್ಲಿ ಹೆಸರಾದ ಜೊನಾಥನ್ ಕಾರ್ಬೆಟ್ ಉಪಕರಣ ತೆರೆಯುವ ಭಾಗವನ್ನು ಕೈಗೆತ್ತಿಕೊಂಡು, ಒಂದೊಂದೇ ಡ್ರೈವರನ್ನು ನೋಡುತ್ತ, ಹೊರಗಿದ್ದ ಬೀಗವನ್ನು ಒಳಕ್ಕೆ ತಂದರು. ತೆಗೆಯಲಿಲ್ಲ, ಕಣ್ಣಿಗೆ ಕಾಣುವ ಜಾಗಕ್ಕೆ ತಂದರು. ಈ ಕಾರ್ಯದಲ್ಲಿ ಸ್ವಾರಸ್ಯವಾದ ಒಂದು ತೊಡಕು ಎದುರಾಯಿತು. ಕೆಲವು ಡ್ರೈವರುಗಳ ತೆರೆಯುವ ಭಾಗದಲ್ಲಿ ಕಾಯಬೇಕಾದದ್ದೇ ಏನೂ ಇರಲಿಲ್ಲ. ಅಲ್ಲಿಯೂ ಬೀಗವನ್ನು ಕೈಬಿಡುವಂತಿರಲಿಲ್ಲ. ಏಕೆಂದರೆ ಡ್ರೈವರ್ ತಾನು ಸಿದ್ಧನೆಂದು ಲೋಕಕ್ಕೆ ಸಾರಿದ ಮೇಲೂ ಒಳಗೆ ಇನ್ನೂ ಸಿದ್ಧತೆ ನಡೆದಿರಬಹುದು. ಅಷ್ಟರಲ್ಲಿ ಯಾರಾದರೂ ತೆರೆದರೆ, ದೊಡ್ಡ ಬೀಗವು ಆತನನ್ನು ಸಿದ್ಧತೆ ಮುಗಿಯುವ ತನಕ ಹೊರಗೆ ನಿಲ್ಲಿಸುತ್ತಿತ್ತು. ಆದುದರಿಂದ ಅಂಥ ಕಡೆಗಳಲ್ಲಿ ಬೀಗ ಹಿಡಿದು ತಕ್ಷಣ ಬಿಟ್ಟುಬಿಡುವ ಒಂದು ಸಾಲನ್ನು ಬರೆದರು. ನಡುವೆ ಏನೂ ಇಲ್ಲ. ಬಚ್ಚಲುಮನೆಯ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸ್ನಾನ ಮಾಡದೆ ಹೊರಟುಹೋದಂತೆ. ಅರಿಯದವರು ಅದನ್ನು ನೋಡಿ ನಕ್ಕಾರು. ರಾಯರಿಗೆ ಮಾತ್ರ ಆ ಸಾಲು ಕರ್ನೆಲಿನಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದ ಸಾಲೆಂದು ತೋರುತ್ತದೆ.

ಅಂತೂ ಆರ್ಂಡ್ ಬೆರ್ಗ್‌ಮನ್ ಎಂಬವರ ಮುಂದಾಳ್ತನದಲ್ಲಿ ಉಳಿದವೆಲ್ಲ ಒಂದೊಂದಾಗಿ ಹೋಗಿ, 2011ರ ಮೇ ತಿಂಗಳಲ್ಲಿ ಬಂದ 2.6.39ನೆಯ ಆವೃತ್ತಿಯಲ್ಲಿ ದೊಡ್ಡ ಬೀಗ ಇಲ್ಲವಾಯಿತು. ಜಗತ್ತಿನ ಅತಿ ಚತುರರು ಕೂಡಿ ಒಂದು ಬೀಗವನ್ನು ತೆಗೆಯಲು ಹದಿನೈದು ವರ್ಷ ಹಿಡಿಯಿತು. ಹನ್ನೊಂದು ಸಾಲಿಗೆ ಎರಡು ದಿನ ಹಿಡಿದರೆ ಅದೇನು ಮಹಾ ಎಂದು ರಾಯರು ಮನೆಯಲ್ಲಿ ವಾದಿಸಬಹುದಾಗಿತ್ತು. ವಾದಿಸಿ ಗೆದ್ದ ಅನುಭವ ಇಲ್ಲದ್ದರಿಂದ ಸುಮ್ಮನಿದ್ದರು.

ಬೀಗ ತಪ್ಪಿದರೆ ಏನಾದೀತು? ಬಹುಮಟ್ಟಿಗೆ ಏನೂ ಆಗುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಇಬ್ಬರೂ ಒಂದೇ ಜಾಗಕ್ಕೆ ಕೈ ಹಾಕುವ ಗಳಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅದು ವರ್ಷಗಟ್ಟಲೆ ಒದಗದೆ ಇರಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟಾರಿಯೋದಲ್ಲಿಯೂ ವಿದ್ಯುತ್ ನಿಂತು ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಅದಕ್ಕೆ ಕಾರಣಗಳು ಹಲವಿದ್ದವು. ಅವುಗಳಲ್ಲೊಂದು, ಒಹಾಯೋದ ಒಂದು ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಮೂಕವಾದದ್ದು. ಕಂಪ್ಯೂಟರಿನ ಎರಡು ಕಾರ್ಯಗಳು ಒಂದೇ ಲೆಕ್ಕವನ್ನು ಒಂದೇ ಗಳಿಗೆಯಲ್ಲಿ ಬರೆಯಹೋಗಿ ಅದು ಕಲಸಿಹೋಗಿತ್ತು. ಗಂಟೆ ಬಾರಿಸಬೇಕಾದ ಕಾರ್ಯಕ್ರಮ ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು. ಕೊಠಡಿಯಲ್ಲಿದ್ದವರು, ಗಂಟೆಯ ಸದ್ದಿಲ್ಲವಾದ್ದರಿಂದ, ಎಲ್ಲವೂ ಕ್ಷೇಮವೆಂದು ತಿಳಿದರು. ದೋಷವಿದ್ದ ಜಾಗ ಸಿಕ್ಕಿದ್ದು ವಾರಗಟ್ಟಲೆ ಬರವಣಿಗೆಯನ್ನು ಓದಿದ ಮೇಲೆ. ಅದು ಡ್ರೈವರಿನ ದೋಷವಲ್ಲ. ಆದರೆ ರೋಗ ಅದೇ.

ರಾಯರ ಮನಸ್ಸಿನಲ್ಲಿ ಅಮೆರಿಕದ ಕತ್ತಲೆಗಿಂತ ಹತ್ತಿರದ ಒಂದು ಮುಳ್ಳಿದೆ. ಕೆಲವು ವರ್ಷಗಳ ಹಿಂದೆ ಅವರು ಒಂದು ತೇಪೆಯನ್ನು ಓದಿ ಒಪ್ಪಿಗೆ ಕೊಟ್ಟರು. ಸ್ಪಿನ್‌ಲಾಕ್ ಎಂಬ ಬೀಗದ ವಿಷಯ ಅದು. ಈ ಬೀಗ ಸಿಕ್ಕದಿದ್ದರೆ ಪ್ರೊಸೆಸರ್ ನಿದ್ರಿಸುವುದಿಲ್ಲ. ಸಿಕ್ಕುವ ತನಕ ಬಾಗಿಲಲ್ಲೇ ತಿರುತಿರುಗಿ ಕೇಳುತ್ತ ನಿಂತಿರುತ್ತದೆ. ಬೀಗ ಹಿಡಿಯುವ ಕಡೆಗಳೂ ಬಿಡುವ ಕಡೆಗಳೂ ಎಲ್ಲವೂ ಸರಿಯಾಗಿದ್ದವು. ರಾಯರು ಲೆಕ್ಕ ಹಾಕಿ ನೋಡಿದ್ದರು. ನೋಡದೆ ಬಿಟ್ಟದ್ದು ಒಂದೇ. ಉಪಕರಣದಿಂದ ತುರ್ತು ಕರೆ ಬಂದಾಗ, ಅದನ್ನು ಇಂಟರಪ್ಟ್ ಎನ್ನುತ್ತಾರೆ, ಪ್ರೊಸೆಸರ್ ಕೈಯಲ್ಲಿದ್ದುದನ್ನು ಹಾಗೆಯೇ ಬಿಟ್ಟು ಕರೆಗೆ ಓಗೊಡಬೇಕು. ಆ ಕರೆಗೆ ಓಗೊಡುವ ಭಾಗವೂ, ಉಪಕರಣ ಕೆಟ್ಟ ಅಪರೂಪದ ಸಂದರ್ಭದಲ್ಲಿ ಮಾತ್ರ, ಅದೇ ಬೀಗವನ್ನು ಕೇಳುತ್ತಿತ್ತು. ಹೀಗಿರಲು ಬೀಗ ಹಿಡಿಯುವಾಗ ಕರೆಗಳನ್ನು ತಡೆಹಿಡಿಯಬೇಕಾಗಿತ್ತು, ತಡೆಹಿಡಿದಿರಲಿಲ್ಲ. ಕೋಣೆಯೊಳಗೆ ಬೀಗದಕೈ ಇಟ್ಟುಕೊಂಡು ಕುಳಿತವನು ಕರೆ ಬಂದಿತೆಂದು ಹೊರಗೆ ಬಂದು, ಕೋಣೆಯ ಬಾಗಿಲು ತೆರೆಯುವವರಾರು ಎಂದು ತನಗಾಗಿ ತಾನೇ ಕಾಯುತ್ತ ನಿಂತರೆ ಹೇಗೆ? ಆ ಪ್ರೊಸೆಸರ್ ಹಾಗೆ ನಿಂತಿತು.

ಎಂಟು ತಿಂಗಳವರೆಗೆ ಏನೂ ತೋರಲಿಲ್ಲ. ಅನಂತರ ದೂರದ ಒಂದು ಕಾರ್ಖಾನೆಯಲ್ಲಿ ಯಂತ್ರವೊಂದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಕಲ್ಲಾಗಿ ನಿಲ್ಲತೊಡಗಿತು. ನೋಡಿಕೊಳ್ಳುತ್ತಿದ್ದ ಕೆಲಸಗಾರನದೇ ತಪ್ಪಿರಬೇಕೆಂದು ಆತನನ್ನು ರಾತ್ರಿಯ ಪಾಳಿಯಿಂದ ತೆಗೆದರು. ಯಂತ್ರ ಆಮೇಲೆಯೂ ನಿಂತಿತು. ಏಳು ವಾರಗಳ ಅನಂತರ ದೋಷ ಸಿಕ್ಕಿದಾಗ, ಆ ಸಾಲುಗಳ ಅಡಿಯಲ್ಲಿ ಪರಿಶೀಲಿಸಿದವರೆಂದು ರಾಯರ ಹೆಸರಿತ್ತು. ಅದು ಇಂದಿಗೂ ಇದೆ. ಲಿನಕ್ಸಿನ ದಾಖಲೆಯಲ್ಲಿ ಒಮ್ಮೆ ಸೇರಿದ ಹೆಸರು ಅಳಿಯುವುದಿಲ್ಲ. ಪರಿಶೀಲಕನ ಸಹಿಗೆ ಕರ್ನೆಲಿನ ನಿಯಮಾವಳಿಯಲ್ಲಿ ಅರ್ಥವನ್ನು ಹೇಳಿದೆ: ತಾನು ಓದಿದ್ದೇನೆ, ಸಂಶಯಗಳನ್ನು ತಿಳಿಸಿದ್ದೇನೆ, ತನಗೆ ಗೊತ್ತಿರುವ ದೋಷ ಉಳಿದಿಲ್ಲ, ಆದರೆ ಇದು ಸರಿಯಾಗಿ ನಡೆದೇ ನಡೆಯುತ್ತದೆಂಬ ಭರವಸೆಯನ್ನು ಕೊಡುವುದಿಲ್ಲ. ನಿಯಮದ ಪ್ರಕಾರ ರಾಯರು ನಿರ್ದೋಷಿ. ಯಾರೂ ಅವರನ್ನು ಒಂದು ಮಾತೂ ಆಡಲಿಲ್ಲ. ಪಾಳಿ ಬದಲಾದ ಆ ಕೆಲಸಗಾರನ ಮುಖವನ್ನು ಅವರು ಕಂಡಿಲ್ಲ, ಹೆಸರೂ ತಿಳಿಯದು. ಆದರೂ ಸಹಿಯ ಸಾಲಿನ ಬಳಿ ಬೆರಳು ಬಂದಾಗಲೆಲ್ಲ ಅವನು ಮನಸ್ಸಿನಲ್ಲಿ ಬಂದು ನಿಲ್ಲುತ್ತಾನೆ.

ಇದನ್ನೆಲ್ಲ ಕಂಡುಹಿಡಿಯಲು ಯಂತ್ರವೇ ಇಲ್ಲವೇ ಎಂದು ಕೇಳಬಹುದು. ಇದೆ. 2006ರಲ್ಲಿ ಇಂಗೊ ಮೋಲ್ನರ್ ಮೊದಲಾದವರು ಲಾಕ್‌ಡೆಪ್ ಎಂಬ ಕಾವಲುಗಾರನನ್ನು ಕರ್ನೆಲಿಗೆ ಸೇರಿಸಿದರು. ಯಾವ ಬೀಗದ ಮೇಲೆ ಯಾವ ಬೀಗವನ್ನು ಹಿಡಿದರು, ಕರೆಯ ನಡುವೆ ಹಿಡಿದರೋ ಹೊರಗೆ ಹಿಡಿದರೋ ಎಂಬುದನ್ನೆಲ್ಲ ಅದು ಗುರುತಿಟ್ಟುಕೊಂಡು, ಅನಾಹುತ ನಡೆಯದೆ ಇದ್ದರೂ ನಡೆಯಬಹುದೆಂದು ಎಚ್ಚರಿಸುತ್ತದೆ. ಬಹಳ ದೊಡ್ಡ ಉಪಕಾರ. ಆದರೆ ಅದು ಗಾಡಿ ಓಡಿದ ಹಳಿಯನ್ನು ಮಾತ್ರ ಬಲ್ಲದು. ರಾಯರ ಪ್ರಕರಣದಲ್ಲಿ ಉಪಕರಣ ಕೆಟ್ಟಾಗಿನ ದಾರಿಯಲ್ಲಿ ಪರೀಕ್ಷೆಯ ಕಾಲದಲ್ಲಿ ಯಾರೂ ನಡೆದೇ ಇರಲಿಲ್ಲ.

ಇನ್ನು ಆ ಹನ್ನೊಂದು ಸಾಲಿನ ವಿಷಯ. ಅದನ್ನು ಬರೆದವಳು ಅದೇ ಕಚೇರಿಯ ಕಿರಿಯ ಇಂಜಿನಿಯರ್, ಧಾರವಾಡದ ಕಡೆಯ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿಲ್ಲ. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸುವ ಒಂದು ಅಳತೆಯ ಉಪಕರಣದ ಡ್ರೈವರ್ ಅದು. ಅಳತೆಯನ್ನು ಓದಬಂದವನು ಮ್ಯೂಟೆಕ್ಸ್ ಎಂಬ ಬೀಗವನ್ನು ಹಿಡಿದು, ಉಪಕರಣ ಉತ್ತರ ಕೊಡುವ ತನಕ ಬೀಗ ಹಿಡಿದುಕೊಂಡೇ ನಿದ್ರಿಸುತ್ತಿದ್ದನು. ಅಷ್ಟು ಹೊತ್ತೂ ಉಳಿದವರೆಲ್ಲ ಹೊರಗೆ. ಗಿರಾಕಿಗಳ ದೂರು ಬಂದಿತ್ತು, ದೂರು ನ್ಯಾಯವಾದುದೇ. ಆಕೆ ನಿದ್ರೆಗೆ ಮುನ್ನ ಬೀಗವನ್ನು ಬಿಟ್ಟುಬಿಡುವಂತೆ ತಿದ್ದಿದಳು. ಎದ್ದ ಮೇಲೆ ಬೇಕಾದದ್ದು ಅಳತೆಯನ್ನು ತೆಗೆದುಕೊಳ್ಳುವುದು, ಮುಂದಿನ ಅಳತೆಗೆ ಉಪಕರಣವನ್ನು ಕೇಳುವುದು ಇಷ್ಟೇ, ಅದಕ್ಕೆ ಬೀಗವೇಕೆ? ಮೂರು ದಿನ ಮೂರು ರಾತ್ರಿ ಸತತವಾಗಿ ಓಡಿಸಿ ನೋಡಿದಳು. ಇಪ್ಪತ್ತು ಬಾರಿ ತಂತಿಯನ್ನು ಕಿತ್ತು ನೋಡಿದಳು. ಒಂದು ತೊಂದರೆಯೂ ಇರಲಿಲ್ಲ.

ಒಂದು ವಾರವಾದರೂ ರಾಯರ ಸಹಿ ಬರಲಿಲ್ಲ. ಒಂದು ಪ್ರಶ್ನೆ ಮಾತ್ರ ಬಂತು: "ಈ ಬೀಗ ಯಾರಿಂದ ಯಾರನ್ನು ಕಾಯುತ್ತಿತ್ತು?" ಆಕೆ ತನ್ನ ಪರೀಕ್ಷೆಯ ಫಲಿತಾಂಶಗಳನ್ನು ಮತ್ತೊಮ್ಮೆ ಕಳುಹಿಸಿದಳು. ರಾಯರು ಪ್ರಶ್ನೆಯನ್ನು ಮತ್ತೊಮ್ಮೆ ಕಳುಹಿಸಿದರು. ಹಿರಿಯರಿಗೆ ಕಿರಿಯರ ಕೆಲಸವೆಂದರೆ ಹೀಗೆಯೇ ಎಂದು ಆಕೆ ಗೆಳತಿಯರೊಡನೆ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ ಒಂದು ಸಂಜೆ ನೇರವಾಗಿ ಅವರ ಮೇಜಿನ ಬಳಿಗೆ ಬಂದು ನಿಂತಳು.

"ಸರ್, ಇದರಲ್ಲಿ ತಪ್ಪಿದ್ದರೆ ತೋರಿಸಿರಿ. ಇಲ್ಲದಿದ್ದರೆ ಸಹಿ ಮಾಡಿರಿ."

"ತಪ್ಪು ಇದೆಯೆಂದು ನಾನು ಹೇಳಲಿಲ್ಲವಮ್ಮ. ಕೂತುಕೊ. ತಂತಿ ಕಿತ್ತಾಗ ಏನಾಗುತ್ತದೆ?"

"ಡಿಸ್ಕನೆಕ್ಟ್ ಭಾಗ ಓಡುತ್ತದೆ. ಅದು ಬೀಗ ಹಿಡಿದು ಉಪಕರಣದ ವಿಳಾಸವನ್ನು ಅಳಿಸುತ್ತದೆ. ನಿದ್ರಿಸುತ್ತಿದ್ದವನು ಎದ್ದು, ದೋಷವೆಂದು ನೋಡಿ, ಹಿಂದಿರುಗುತ್ತಾನೆ. ಇಪ್ಪತ್ತು ಸಲ ನೋಡಿದ್ದೇನೆ, ಸರ್."

"ಅಳತೆ ಬಂದು ಆತ ಎದ್ದಿದ್ದಾನೆ. ದೋಷವೇನೂ ಇಲ್ಲ. ಮುಂದಿನದನ್ನು ಕೇಳಲು ಹೊರಟಿದ್ದಾನೆ. ಆಗ ತಂತಿ ಕಿತ್ತರೆ?"

ಆಕೆ ಉತ್ತರ ಕೊಡಲಿಲ್ಲ. ರಾಯರು ಕಂಪ್ಯೂಟರನ್ನು ಆಕೆಯ ಕಡೆಗೆ ತಿರುಗಿಸಿದರು. ಎದ್ದ ಮೇಲೆ, ಮುಂದಿನ ಅಳತೆ ಕೇಳುವ ಮೊದಲು, ಹತ್ತು ಸೆಕೆಂಡು ಸುಮ್ಮನೆ ನಿಲ್ಲುವಂತೆ ಒಂದು ಸಾಲು ಸೇರಿಸಲು ಹೇಳಿದರು. ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಿರಿದಾದ ಕಿಂಡಿಯನ್ನು ಮನುಷ್ಯನ ಕೈ ತೂರುವಷ್ಟು ಅಗಲ ಮಾಡುವ ಹಳೆಯ ಉಪಾಯ ಅದು. ಆಕೆ ಸೇರಿಸಿದಳು. ಉಪಕರಣವನ್ನು ಜೋಡಿಸಿದರು. ಅಳತೆ ಬಂದ ಗುರುತು ಪರದೆಯ ಮೇಲೆ ಮೂಡಿತು. "ಈಗ ಕೀಳು" ಎಂದರು ರಾಯರು.

ಆಕೆ ತಂತಿಯನ್ನು ಕಿತ್ತಳು. ಇಬ್ಬರೂ ಕಾದರು. ಹತ್ತನೆಯ ಸೆಕೆಂಡಿಗೆ, ಎದ್ದವನು ಅಳಿಸಿಹೋದ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದನು. ಪರದೆಯ ತುಂಬ ಕರ್ನೆಲಿನ ದೋಷದ ವರದಿ ಸಾಲುಸಾಲಾಗಿ ಹರಿದು, ಓದುತ್ತಿದ್ದ ಕಾರ್ಯ ಅಲ್ಲಿಯೇ ಸತ್ತಿತು.

ಆಕೆಯ ಮುಖ ಬಿಳುಪೇರಿತು. ಮೂರು ದಿನ ಮೂರು ರಾತ್ರಿಯ ಪರೀಕ್ಷೆ ಹತ್ತು ಸೆಕೆಂಡಿನಲ್ಲಿ ಬಿದ್ದಿತ್ತು. ರಾಯರಿಗೆ ಜಯದ ಸಂತೋಷವೇನೂ ಆಗಲಿಲ್ಲ; ಕಾಫಿ ತರಿಸಿದರು. "ಎದ್ದ ಮೇಲೆ ಮತ್ತೆ ಬೀಗ ಹಿಡಿಯಲಿ. ಉಪಕರಣ ಇನ್ನೂ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಹಿಂದಿರುಗಲಿ. ಅಷ್ಟಾದರೆ ನಾನು ಸಹಿ ಮಾಡುತ್ತೇನೆ" ಎಂದರು.

ಆಕೆ ಕಾಫಿಯನ್ನು ಮುಟ್ಟದೆ ಪರದೆಯನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, "ಅಷ್ಟು ಸಾಲದು, ಸರ್" ಎಂದಳು.

"ಏಕೆ?"

"ಮೊದಲು ಬೀಗ ಹಿಡಿದೇ ನಿದ್ರಿಸುತ್ತಿದ್ದರಾದ್ದರಿಂದ ಕಾಯುವವನು ಒಬ್ಬನೇ. ಈಗ ಬೀಗ ಬಿಟ್ಟು ನಿದ್ರಿಸುತ್ತಾರೆ. ಇಬ್ಬರು ಕಾಯಬಹುದು. ಅಳತೆ ಒಂದೇ ಬಂದರೂ ಇಬ್ಬರೂ ಏಳುತ್ತಾರೆ. ಮೊದಲಿನವನು ಬೀಗ ಹಿಡಿದು ಅದನ್ನು ತೆಗೆದುಕೊಂಡು ಹೋಗುತ್ತಾನೆ. ಎರಡನೆಯವನು ಬೀಗ ಹಿಡಿದು, ಉಪಕರಣ ಇದೆಯೆಂದು ನೋಡಿ, ಇಲ್ಲದ ಅಳತೆಯನ್ನು ಓದುತ್ತಾನೆ."

ರಾಯರು ಸಾಲುಗಳನ್ನು ಮತ್ತೆ ನೋಡಿದರು. ಒಂದು ಲೋಟ ಕಾಫಿಗೆ ಇಬ್ಬರನ್ನು ಎಬ್ಬಿಸಿದಂತೆಯೇ ಆಗಿತ್ತು. ಉಪಕರಣ ಇದೆಯೇ ಎಂದು ನೋಡಿದರೆ ಸಾಲದು, ಅಳತೆ ಇದೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ಬೀಗ ಬಿಟ್ಟು ಮತ್ತೆ ನಿದ್ರೆಗೆ ಹೋಗಬೇಕು. ಎದ್ದಾಗಲೆಲ್ಲ ಎರಡನ್ನೂ ಹೊಸದಾಗಿ ನೋಡಬೇಕು. ಇದು ಪಠ್ಯಪುಸ್ತಕದಲ್ಲಿ ಇರುವ ಮಾತು. ಉಪಕರಣ ಕೀಳುವ ವಿಷಯದಲ್ಲಿಯೇ ಒಂದು ವಾರ ಮುಳುಗಿದ್ದ ರಾಯರಿಗೆ ಅದು ಹೊಳೆದಿರಲಿಲ್ಲ. ಆಕೆ ಮಾತಾಡದೆ ಹೋಗಿದ್ದರೆ ಮರುದಿನ ಅವರ ಸಹಿ ಬಿದ್ದಿರುತ್ತಿತ್ತು. ಎಂಟು ತಿಂಗಳ ಅನಂತರ ಎಲ್ಲಿಯೋ ಯಾರ ಪಾಳಿಯೋ ಬದಲಾಗುತ್ತಿತ್ತು.

"ನೀನು ಹೇಳಿದ್ದು ಸರಿ" ಎಂದರು. ಸ್ವಲ್ಪ ತಡೆದು, "ಕಾಫಿ ಆರುತ್ತಿದೆ" ಎಂದರು.

ತೇಪೆ ಇಪ್ಪತ್ತಾರು ಸಾಲಾಯಿತು. ಅದರಲ್ಲಿ ನಾಲ್ಕು ಸಾಲು, ಈ ಬೀಗ ಯಾರಿಂದ ಯಾರನ್ನು ಕಾಯುತ್ತದೆ ಎಂಬ ವಿವರಣೆ. ಆಕೆ ತಾನಾಗಿಯೇ ಬರೆದದ್ದು. ರಾಯರು ಅದನ್ನು ಮನೆಗೆ ಒಯ್ದು ಎರಡು ರಾತ್ರಿ ಓದಿದರು. ಎರಡನೆಯ ರಾತ್ರಿ ಊರಿನಿಂದ ತಂದೆಯವರ ಫೋನ್ ಬಂತು. ವಯಸ್ಸು ಎಂಬತ್ತು ದಾಟಿದ್ದರೂ ಸಿಗ್ನಲ್ಲಿನ ವಿಷಯದಲ್ಲಿ ಅವರ ಕುತೂಹಲ ಆರಿಲ್ಲ.

"ಏನೋ, ಇನ್ನೂ ಗಾಡಿ ಬಿಟ್ಟಿಲ್ಲವೇನೋ?"

"ಇವತ್ತು ಬಿಡುತ್ತೇನಪ್ಪ."

ಹೆಸರು ಬರೆದು ಕಳುಹಿಸಿದಾಗ ಗಂಟೆ ಹನ್ನೆರಡಾಗಿತ್ತು.

ಮರುದಿನ ಬೆಳಿಗ್ಗೆ ರಾಯರು ತಾವೇ ಬರೆದಿದ್ದ ಹದಿನಾಲ್ಕು ಸಾಲಿನ ಒಂದು ತೇಪೆಯನ್ನು ಪರಿಶೀಲನೆಗಾಗಿ ಆ ಹುಡುಗಿಗೆ ಕಳುಹಿಸಿದರು. ಉತ್ತರ ಬರಲು ಆರು ದಿನ ಹಿಡಿಯಿತು. ಬಂದದ್ದು ಒಂದು ಪ್ರಶ್ನೆ.